ಉಯಿಲು ಮತ್ತು ಪ್ರೊಬೇಟ್ ಕಡತ: ಮನೆತನದ ಆಸ್ತಿಯ ಜಾಡು ಹಿಡಿಯುವ ಬಗೆ

ಊರು ಬಿಟ್ಟು ಮುಂಬಯಿ ಸೇರಿದ ಕನ್ನಡಿಗರ ಮೊದಲ ತಲೆಮಾರಿಗೆ ಎರಡು ಕಡೆ ಬದುಕಿತ್ತು. ಊರಿನಲ್ಲಿ ಹಿರಿಯರಿಂದ ಬಂದ ಮನೆ, ಗದ್ದೆ, ತೋಟ. ಇಲ್ಲಿ ಬಾಡಿಗೆಯ ಖೋಲಿ, ಹೋಟೆಲಿನಲ್ಲಿ ಪಾಲು, ಬ್ಯಾಂಕಿನಲ್ಲಿ ಒಂದಿಷ್ಟು ಠೇವಣಿ. ಆ ಹಿರಿಯರು ತೀರಿಕೊಂಡ ಮೇಲೆ ಎರಡು ಕಡೆಯ ಲೆಕ್ಕವೂ ಒಂದೇ ಕಡೆ ಕೂಡಲಿಲ್ಲ. ಇಂದು ಮೂರನೆಯ ತಲೆಮಾರಿನವರು "ಅಜ್ಜನ ಆಸ್ತಿ ಏನಾಯಿತು? ಯಾರ ಪಾಲಿಗೆ ಏನು ಬಂತು? ಅಜ್ಜನಿಗೆ ಎಷ್ಟು ಜನ ಹೆಣ್ಣುಮಕ್ಕಳು?" ಎಂದು ಕೇಳಿದರೆ, ಉತ್ತರ ಹೇಳಬಲ್ಲ ಹಿರಿಯರು ಬಹುತೇಕ ಮನೆಗಳಲ್ಲಿ ಉಳಿದಿಲ್ಲ. ಹಳೆಯ ಚಾಳುಗಳು ಪುನರ್ನಿರ್ಮಾಣಕ್ಕೆ ಬಿದ್ದಂತೆ ಅಟ್ಟದ ಮೇಲಿನ ಟ್ರಂಕುಗಳೂ ಅವುಗಳೊಳಗಿನ ಕಾಗದಪತ್ರಗಳೂ ಕಣ್ಮರೆಯಾಗುತ್ತಿವೆ.

ಮನೆಯಲ್ಲಿ ಕಳೆದುಹೋದ ಈ ಮಾಹಿತಿಯ ಒಂದು ಭಾಗ ನ್ಯಾಯಾಲಯದ ಮತ್ತು ನೋಂದಣಿ ಕಚೇರಿಯ ಕಪಾಟುಗಳಲ್ಲಿ ಇನ್ನೂ ಇದೆ. ಅದನ್ನು ಹುಡುಕುವ, ಓದುವ ಕ್ರಮವನ್ನು ನಮ್ಮ ಓದುಗ ಕುಟುಂಬಗಳಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ. ನಾವು ಇಲ್ಲಿ ಮುಖ್ಯವಾಗಿ ಹೇಳಹೊರಟಿರುವುದು ಇಷ್ಟೇ: ಆಸ್ತಿ ಯಾರಿಗೆ ಹೋಯಿತೆಂಬುದನ್ನು ಉಯಿಲು ತಿಳಿಸುತ್ತದೆ, ಆದರೆ ಮನೆಯಲ್ಲಿ ಯಾರು ಯಾರಿದ್ದರೆಂಬುದನ್ನು ತಿಳಿಸುವುದು ಉಯಿಲಿನ ಜೊತೆಗೆ ನ್ಯಾಯಾಲಯಕ್ಕೆ ಸಲ್ಲಿಸಿದ ಇತರ ಕಾಗದಗಳು. ಎರಡನ್ನೂ ಕೂಡಿಸಿ ಓದಿದಾಗ ಮಾತ್ರ ಮನೆತನದ ಚಿತ್ರ ಪೂರ್ಣವಾಗುತ್ತದೆ.

ಕೆಲವು ಪದಗಳು

ಉಯಿಲು ಅಥವಾ ಮರಣಶಾಸನವನ್ನು ಮುಂಬಯಿಯಲ್ಲಿಯೂ ಉತ್ತರ ಕರ್ನಾಟಕದ ಹಳೆಯ ಕಾಗದಗಳಲ್ಲಿಯೂ 'ಮೃತ್ಯುಪತ್ರ' ಎಂದು ಕರೆಯುವುದುಂಟು. ಉಯಿಲನ್ನು ಬರೆದವನು ಸಹಿ ಮಾಡಿ, ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ದೃಢೀಕರಿಸಿರಬೇಕೆಂದು 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 63ನೆಯ ಕಲಮು ಹೇಳುತ್ತದೆ. ಅದರಂತೆ ನಡೆದುಕೊಳ್ಳಲು ಉಯಿಲಿನಲ್ಲಿಯೇ ಹೆಸರಿಸಲ್ಪಟ್ಟವನು ಎಕ್ಸಿಕ್ಯೂಟರ್, ಅಂದರೆ ಉಯಿಲಿನ ನಿರ್ವಾಹಕ.

ಈ ಉಯಿಲು ನಿಜವಾದುದು, ಕ್ರಮಬದ್ಧವಾದುದು ಎಂದು ನ್ಯಾಯಾಲಯವು ಪರಿಶೀಲಿಸಿ, ಉಯಿಲಿನ ಪ್ರತಿಯ ಸಹಿತ ಮೊಹರು ಹಾಕಿ ನಿರ್ವಾಹಕನಿಗೆ ಕೊಡುವ ಪತ್ರವೇ ಪ್ರೊಬೇಟ್. ಉಯಿಲಿದ್ದೂ ನಿರ್ವಾಹಕನಿಲ್ಲದಿದ್ದರೆ, ಅಥವಾ ಉಯಿಲೇ ಇಲ್ಲದಿದ್ದರೆ, ನ್ಯಾಯಾಲಯ ಕೊಡುವುದು 'ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್' ಅಥವಾ ಆಡಳಿತಪತ್ರ. ಮೃತರಿಗೆ ಬರಬೇಕಾದ ಸಾಲ, ಠೇವಣಿ, ಷೇರು ಮೊದಲಾದವುಗಳ ವಸೂಲಿಗಾಗಿ ಕೊಡುವುದು ಉತ್ತರಾಧಿಕಾರ ಪ್ರಮಾಣಪತ್ರ. ಈ ಮೂರೂ ಬೇರೆ ಬೇರೆ ದಾಖಲೆಗಳು. ಹುಡುಕುವವರು ಪ್ರೊಬೇಟ್ ಸಿಗಲಿಲ್ಲವೆಂದು ಕೈಬಿಡದೆ ಉಳಿದ ಎರಡನ್ನೂ ನೋಡಬೇಕು.

ಮುಂಬಯಿ, ಮದ್ರಾಸುಗಳ ವಿಶೇಷ

ದೇಶದ ಎಲ್ಲ ಊರುಗಳಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯವಾಗಿರಲಿಲ್ಲ. 1870ರ ಹಿಂದೂ ಉಯಿಲುಗಳ ಅಧಿನಿಯಮವು ಆ ವರ್ಷದ ಸೆಪ್ಟೆಂಬರ್ 1ರಿಂದ ಬಂಗಾಳದ ಲೆಫ್ಟಿನೆಂಟ್ ಗವರ್ನರರ ಪ್ರಾಂತಕ್ಕೂ, ಮದ್ರಾಸು ಮತ್ತು ಮುಂಬಯಿ ಉಚ್ಚ ನ್ಯಾಯಾಲಯಗಳ ಮೂಲ ಅಧಿಕಾರವ್ಯಾಪ್ತಿಯ ನಗರಗಳಿಗೂ ಅನ್ವಯಿಸಿತು. ಮುಂದೆ 1925ರ ಅಧಿನಿಯಮದ 57 ಮತ್ತು 213ನೆಯ ಕಲಮುಗಳು ಇದೇ ವ್ಯವಸ್ಥೆಯನ್ನು ಮುಂದುವರಿಸಿದವು. ಹಿಂದೂ, ಜೈನ, ಸಿಖ್ ಅಥವಾ ಬೌದ್ಧರು ಈ ನಗರಗಳ ಮಿತಿಯೊಳಗೆ ಬರೆದ ಉಯಿಲು, ಹಾಗೂ ಬೇರೆಲ್ಲೋ ಬರೆದರೂ ಈ ಮಿತಿಯೊಳಗಿನ ಸ್ಥಿರಾಸ್ತಿಗೆ ಸಂಬಂಧಿಸಿದ ಉಯಿಲು, ಪ್ರೊಬೇಟ್ ಇಲ್ಲದೆ ನ್ಯಾಯಾಲಯದಲ್ಲಿ ಹಕ್ಕಿಗೆ ಆಧಾರವಾಗುತ್ತಿರಲಿಲ್ಲ.

ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆಗಳು ಎರಡು. ಉಯಿಲನ್ನು ಎಲ್ಲಿ ಬರೆಯಲಾಯಿತು? ಅದರಲ್ಲಿನ ಸ್ಥಿರಾಸ್ತಿ ಎಲ್ಲಿದೆ? ಉಡುಪಿಯಲ್ಲಿ ಕುಳಿತು ಉಡುಪಿಯ ಗದ್ದೆಯ ಬಗ್ಗೆ ಬರೆದ ಉಯಿಲಿಗೆ ಪ್ರೊಬೇಟ್ ಬೇಕಿರಲಿಲ್ಲ. ಅದೇ ವ್ಯಕ್ತಿ ಉಡುಪಿಯಲ್ಲಿ ಕುಳಿತು ಮಾಟುಂಗಾದ ಮನೆಯ ಬಗ್ಗೆ ಬರೆದಿದ್ದರೆ ಬೇಕಿತ್ತು. ಪುಣೆ, ದೆಹಲಿ, ಹೈದರಾಬಾದು, ಬೆಂಗಳೂರುಗಳಲ್ಲಿ ನೆಲೆಸಿದ ಹಿಂದೂ ಕುಟುಂಬಗಳ ಉಯಿಲುಗಳು ಸಾಮಾನ್ಯವಾಗಿ ಈ ಕಡ್ಡಾಯಕ್ಕೆ ಒಳಪಟ್ಟಿರಲಿಲ್ಲ; ಬಯಸಿದವರು ಜಿಲ್ಲಾ ನ್ಯಾಯಾಲಯದಿಂದ ಪ್ರೊಬೇಟ್ ಪಡೆಯಬಹುದಾಗಿತ್ತು. ಕ್ರೈಸ್ತ ಬಂಧುಗಳ ವಿಷಯ ಬೇರೆ. 2002ರ ತಿದ್ದುಪಡಿ ಬರುವವರೆಗೆ 1925ರ ಅಧಿನಿಯಮದ ಈ ಕಡ್ಡಾಯ ಅವರಿಗೆ ನಗರ, ಹಳ್ಳಿ ಎಂಬ ಭೇದವಿಲ್ಲದೆ ಇತ್ತು. ಹೀಗಾಗಿ ಮಂಗಳೂರಿನ ಕ್ರೈಸ್ತ ಮನೆತನಗಳ ಜಾಡು ಹಿಡಿಯುವವರು ಅಲ್ಲಿಯ ಜಿಲ್ಲಾ ನ್ಯಾಯಾಲಯದ ದಾಖಲೆಗಳನ್ನೂ ನೋಡಬೇಕು.

2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ನಿರಸನ ಮತ್ತು ತಿದ್ದುಪಡಿ ಅಧಿನಿಯಮವು 213ನೆಯ ಕಲಮನ್ನೇ ಕೈಬಿಟ್ಟಿದೆ. ಪ್ರೊಬೇಟ್ ಪಡೆಯುವ ಅವಕಾಶ ಉಳಿದಿದೆ, ಕಡ್ಡಾಯ ಹೋಗಿದೆ. ಸಾಮಾನ್ಯ ಕುಟುಂಬಗಳಿಗೆ ಇದರಿಂದ ಖರ್ಚು, ಕಾಲಹರಣ ತಪ್ಪುವುದು ಸಂತೋಷದ ಸಂಗತಿಯೇ. ಆದರೆ ಮನೆತನದ ಇತಿಹಾಸ ಹುಡುಕುವವರ ದೃಷ್ಟಿಯಿಂದ 1870ರಿಂದ 2025ರವರೆಗಿನ ಸುಮಾರು 155 ವರ್ಷಗಳ ಕಡತಗಳು ಇನ್ನು ಮುಂದೆ ಅದೇ ಪ್ರಮಾಣದಲ್ಲಿ ಬೆಳೆಯಲಾರವು. ಇದ್ದುದರ ಬೆಲೆ ಅಷ್ಟರ ಮಟ್ಟಿಗೆ ಹೆಚ್ಚಿದೆ ಎನ್ನಬೇಕು.

ಕಡತದೊಳಗೆ ಏನಿರುತ್ತದೆ?

ಪ್ರೊಬೇಟ್ ಎಂದರೆ ಒಂದು ಹಾಳೆಯಷ್ಟೇ ಎಂದು ಹಲವರು ತಿಳಿದಿದ್ದಾರೆ. ಮನೆಯಲ್ಲಿ ಉಳಿದಿರುವುದು ಆ ಹಾಳೆಯಷ್ಟೇ ಆಗಿದ್ದೀತು. ನ್ಯಾಯಾಲಯದಲ್ಲಿರುವುದು ಒಂದು ಪೂರ್ಣ ಕಡತ.

ಮೊದಲನೆಯದು ಅರ್ಜಿ. ಮರಣದ ಕಾಲ, ಲಗತ್ತಿಸಿರುವುದು ಮೃತರ ಕೊನೆಯ ಉಯಿಲೆಂಬ ಹೇಳಿಕೆ, ಅದು ಕ್ರಮವಾಗಿ ಬರೆಯಲ್ಪಟ್ಟಿದೆಯೆಂಬ ಮಾತು, ಕೈಗೆ ಬರಬಹುದಾದ ಆಸ್ತಿಯ ಮೊತ್ತ, ಅರ್ಜಿದಾರನೇ ನಿರ್ವಾಹಕನೆಂಬ ವಿವರ ಇವಿಷ್ಟೂ ಅದರಲ್ಲಿರಬೇಕು. ಆಡಳಿತಪತ್ರದ ಅರ್ಜಿಯಾದರೆ ಮೃತರ ಕುಟುಂಬದವರ ಮತ್ತು ಬಂಧುಗಳ ಹೆಸರು, ಅವರವರ ವಾಸಸ್ಥಳ ಕೊಡುವುದು 278ನೆಯ ಕಲಮಿನಂತೆ ಅಗತ್ಯ. ಮುಂಬಯಿಯ ಪ್ರೊಬೇಟ್ ಅರ್ಜಿಗಳಲ್ಲಿಯೂ ವಾರಸುದಾರರ ಪಟ್ಟಿ ಕೊಡುವ ರೂಢಿಯಿದೆ.

ಎರಡನೆಯದು ಮೂಲ ಉಯಿಲು. ಪ್ರೊಬೇಟ್ ಕೊಟ್ಟ ಮೇಲೆ ಮೂಲ ಉಯಿಲನ್ನು ನ್ಯಾಯಾಲಯವೇ ಇರಿಸಿಕೊಳ್ಳುತ್ತದೆ. ಕನ್ನಡದಲ್ಲಿ ಬರೆದ ಉಯಿಲಾದರೆ ಅದರೊಡನೆ ಇಂಗ್ಲಿಷ್ ಅನುವಾದವೂ ಇರುತ್ತದೆ, ಏಕೆಂದರೆ ನ್ಯಾಯಾಲಯದ ಭಾಷೆಯಲ್ಲಿಲ್ಲದ ಉಯಿಲಿಗೆ ಅನುವಾದ ಲಗತ್ತಿಸಬೇಕೆಂದು 277ನೆಯ ಕಲಮು ಹೇಳುತ್ತದೆ. ಓದುಗರಲ್ಲಿ ನಮ್ಮ ವಿನಂತಿಯೆಂದರೆ ಅನುವಾದವನ್ನು ಮಾತ್ರ ನೆಚ್ಚಬಾರದು. 'ಅಳಿಯ' ಎಂಬ ಒಂದು ಪದ ಮಗಳ ಗಂಡನಿಗೂ ಸಲ್ಲುತ್ತದೆ, ಸೋದರಿಯ ಮಗನಿಗೂ ಸಲ್ಲುತ್ತದೆ. 'ಅಣ್ಣ' ಎಂದರೆ ಒಡಹುಟ್ಟಿದವನೂ ಆಗಬಹುದು, ದೊಡ್ಡಪ್ಪನ ಮಗನೂ ಆಗಬಹುದು. ಇಂತಹ ಪದಗಳು ಇಂಗ್ಲಿಷಿಗೆ ಹೋದಾಗ ಬಂಧುತ್ವವೇ ಬದಲಾಗಿಬಿಡುತ್ತದೆ.

ಮೂರನೆಯದು ಆಸ್ತಿಯ ಅನುಸೂಚಿ. ಮನೆ, ಪಾಲುದಾರಿಕೆ, ಠೇವಣಿ, ಷೇರು, ಆಭರಣ, ಕೊಟ್ಟ ಕೈಸಾಲ ಎಲ್ಲವೂ ಬೆಲೆ ಸಹಿತ ಇಲ್ಲಿರುತ್ತವೆ. ತೀರಿಸಬೇಕಾದ ಸಾಲಗಳಿಗೆ ಪ್ರತ್ಯೇಕ ಅನುಸೂಚಿಯಿರುತ್ತದೆ.

ನಾಲ್ಕನೆಯದು ಪ್ರಮಾಣಪತ್ರಗಳು, ಅಂದರೆ ಅಫಿಡವಿಟ್‌ಗಳು. ಸಾಕ್ಷಿ ಹಾಕಿದವನ ಹೇಳಿಕೆ, ಹಾಗೂ ಪ್ರೊಬೇಟ್ ಕೊಡಲು ತಮ್ಮ ಅಡ್ಡಿಯಿಲ್ಲವೆಂದು ಉಳಿದ ವಾರಸುದಾರರು ಕೊಟ್ಟ ಸಮ್ಮತಿ ಪತ್ರಗಳು ಇದರಲ್ಲಿ ಸೇರುತ್ತವೆ. ಕಡತದ ಅತ್ಯಂತ ಅಮೂಲ್ಯ ಭಾಗ ಇದೇ ಎಂಬುದು ನಮ್ಮ ಅಭಿಪ್ರಾಯ. ನಮ್ಮಲ್ಲಿ ಬರೆದಿಟ್ಟ ವಂಶಾವಳಿಗಳು ಬಹುಮಟ್ಟಿಗೆ ಗಂಡಸರ ಪಟ್ಟಿಗಳು. ಮದುವೆಯಾಗಿ ಹೋದ ಮಗಳು ಅಲ್ಲಿ ಒಂದು ಗೆರೆಯೂ ಅಲ್ಲ. ಆದರೆ ನ್ಯಾಯಾಲಯಕ್ಕೆ ಆಕೆಯ ಸಮ್ಮತಿ ಬೇಕಿತ್ತು. ಆದ್ದರಿಂದ ಆಕೆಯ ಹೆಸರು, ಗಂಡನ ಹೆಸರು, ವಯಸ್ಸು, ಊರು, ಕೆಳಗೆ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಕಡತದಲ್ಲಿ ಉಳಿದುಬಂದಿದೆ.

ಐದನೆಯದು ತಕರಾರಿನ ಕಾಗದಗಳು. ಯಾರಾದರೂ ಕೇವಿಯಟ್ ಹಾಕಿ ಉಯಿಲನ್ನು ಪ್ರಶ್ನಿಸಿದ್ದರೆ ಅರ್ಜಿಯು ದಾವೆಯಾಗಿ ಮಾರ್ಪಡುತ್ತದೆ. ಆಗ ಎರಡೂ ಪಕ್ಷದವರು ತಮ್ಮ ತಮ್ಮ ಮನೆತನದ ಕಥೆಯನ್ನು ವಿಸ್ತಾರವಾಗಿ ಹೇಳಿರುತ್ತಾರೆ. ಅವು ವಾದಿಸುವವರ ಮಾತುಗಳೆಂಬುದನ್ನು ಮರೆಯದೆ ಓದಬೇಕು.

ಕೊನೆಯದು ಲೆಕ್ಕಪತ್ರ. ಪ್ರೊಬೇಟ್ ದೊರೆತ ಆರು ತಿಂಗಳೊಳಗೆ ಆಸ್ತಿಯ ಪೂರ್ಣ ಯಾದಿಯನ್ನೂ ಒಂದು ವರ್ಷದೊಳಗೆ ವಿನಿಯೋಗದ ಲೆಕ್ಕವನ್ನೂ ನಿರ್ವಾಹಕನು ಸಲ್ಲಿಸಬೇಕೆಂದು 317ನೆಯ ಕಲಮು ವಿಧಿಸುತ್ತದೆ. ಎಲ್ಲ ಕಡತಗಳಲ್ಲಿಯೂ ಇದು ಸಿಗುವುದಿಲ್ಲ. ಸಿಕ್ಕರೆ, ಆಸ್ತಿ 'ಏನಾಯಿತು' ಎಂಬ ಪ್ರಶ್ನೆಗೆ ನೇರ ಉತ್ತರ ಅಲ್ಲಿಯೇ ಇರುತ್ತದೆ.

ಹುಡುಕುವ ಕ್ರಮ

ಮೊದಲು ಮರಣದ ದಿನಾಂಕ ಮತ್ತು ಸ್ಥಳ ಗೊತ್ತುಮಾಡಿಕೊಳ್ಳಬೇಕು. ಪಾಲಿಕೆಯ ಮರಣ ನೋಂದಣಿ, ಮನೆಯ ಶ್ರಾದ್ಧದ ತಿಥಿ, ಹಳೆಯ ಪಂಚಾಂಗದಲ್ಲಿ ಬರೆದಿಟ್ಟ ಟಿಪ್ಪಣಿ ಇವು ನೆರವಾಗುತ್ತವೆ. ತಿಥಿ ಮಾತ್ರ ಗೊತ್ತಿದ್ದರೆ ಸಂವತ್ಸರದ ಹೆಸರಿನಿಂದ ಇಸವಿಯನ್ನು ಕಂಡುಕೊಳ್ಳಬಹುದು. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ತಲೆಮಾರನ್ನು ಗಮನಿಸಿ ಲೆಕ್ಕಹಾಕಬೇಕು.

ಅನಂತರ ಯಾವ ನ್ಯಾಯಾಲಯ ಎಂಬುದು. ಮೃತರ ಸ್ಥಿರವಾಸ ಅಥವಾ ಆಸ್ತಿ ಇದ್ದ ಕಡೆಯ ನ್ಯಾಯಾಲಯಕ್ಕೆ ಅಧಿಕಾರವಿರುತ್ತದೆ. ಮುಂಬಯಿಯಾದರೆ ಉಚ್ಚ ನ್ಯಾಯಾಲಯದ ಟೆಸ್ಟಮೆಂಟರಿ ವಿಭಾಗ. ಡೊಂಬಿವಲಿ, ಕಲ್ಯಾಣಗಳು ಥಾಣೆ ಜಿಲ್ಲೆಗೆ ಸೇರಿದವು. ಪುಣೆಯದು ಪುಣೆ ಜಿಲ್ಲಾ ನ್ಯಾಯಾಲಯ. ಊರಿನಲ್ಲಿ ತೀರಿಕೊಂಡವರ ಕಡತವೂ, ಇಲ್ಲಿ ಆಸ್ತಿಯಿದ್ದ ಕಾರಣ, ಮುಂಬಯಿಯಲ್ಲಿ ಇರಬಹುದು.

ಮೂರನೆಯದಾಗಿ, ಮರಣದ ವರ್ಷದಿಂದ ಆರಂಭಿಸಿ ಮುಂದಿನ ವರ್ಷಗಳ ಸೂಚಿಗಳನ್ನು ಒಂದೊಂದಾಗಿ ನೋಡಬೇಕು. ಎಷ್ಟೋ ಕುಟುಂಬಗಳು ಆಸ್ತಿ ಮಾರುವ ಸಂದರ್ಭ ಬಂದಾಗ ಮಾತ್ರ ನ್ಯಾಯಾಲಯಕ್ಕೆ ಹೋದವು. ಮರಣವಾಗಿ ಮೂರು ವರ್ಷ ಕಳೆದ ಮೇಲೆ ಅರ್ಜಿ ಸಲ್ಲಿಸಿದರೆ ತಡವೇಕಾಯಿತೆಂದು ವಿವರಿಸಬೇಕೆಂಬ ನಿಯಮ ಮುಂಬಯಿ ಉಚ್ಚ ನ್ಯಾಯಾಲಯದಲ್ಲಿದೆ. ಆ ವಿವರಣೆಯೇ ಕೆಲವೊಮ್ಮೆ ಕುಟುಂಬದ ಒಂದು ಸಣ್ಣ ಚರಿತ್ರೆಯಾಗಿರುತ್ತದೆ.

ನಾಲ್ಕನೆಯದು ಹೆಸರಿನ ಪ್ರಶ್ನೆ. 'ಶೆಟ್ಟಿ' ಎಂಬ ಒಂದೇ ಹೆಸರು ಇಂಗ್ಲಿಷಿನಲ್ಲಿ ಮೂರು ನಾಲ್ಕು ಬಗೆಯ ಕಾಗುಣಿತದಲ್ಲಿ ಸಿಗುತ್ತದೆ. 'ಹೆಗ್ಡೆ', 'ಭಟ್', 'ಕುಲಕರ್ಣಿ'ಗಳ ಕಥೆಯೂ ಅದೇ. ಊರಿನಲ್ಲಿ ಮನೆಯ ಹೆಸರಿನಿಂದ ಗುರುತಿಸಲ್ಪಡುತ್ತಿದ್ದವರು ಮುಂಬಯಿಗೆ ಬಂದು ಜಾತಿಸೂಚಕ ಹೆಸರನ್ನೋ ಊರಿನ ಹೆಸರನ್ನೋ ಅಡ್ಡಹೆಸರಾಗಿ ಇಟ್ಟುಕೊಂಡದ್ದುಂಟು. ಮದುವೆಯ ನಂತರ ಹೆಣ್ಣುಮಕ್ಕಳ ಮೊದಲ ಹೆಸರೇ ಬದಲಾಗುವ ಪದ್ಧತಿ ಉತ್ತರ ಕರ್ನಾಟಕದ ಹಲವು ಮನೆಗಳಲ್ಲಿದೆ. ಆದ್ದರಿಂದ ಸಾಧ್ಯವಿರುವ ಎಲ್ಲ ರೂಪಗಳನ್ನೂ ಮೊದಲೇ ಬರೆದುಕೊಂಡು ಹೋಗುವುದು ಲೇಸು.

ಅರ್ಜಿಯ ಸಂಖ್ಯೆ ಮತ್ತು ವರ್ಷ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಬಳಿಕ ಶುಲ್ಕ ಕಟ್ಟಿ ದೃಢೀಕೃತ ಪ್ರತಿಗೆ ಅರ್ಜಿ ಕೊಡಬೇಕು. ಉಯಿಲಿನ ಪ್ರತಿಯನ್ನಷ್ಟೇ ಕೇಳದೆ ಅರ್ಜಿ, ಅನುಸೂಚಿ, ಪ್ರಮಾಣಪತ್ರಗಳ ಪ್ರತಿಗಳನ್ನೂ ಹೆಸರಿಸಿ ಕೇಳಬೇಕೆಂಬುದು ನೆನಪಿರಲಿ.

ಊರಿನ ಕಡೆಯ ದಾಖಲೆಗಳು

ಪ್ರೊಬೇಟ್ ಇಲ್ಲದ ಊರಿನ ಉಯಿಲುಗಳಿಗೆ ಉಪನೋಂದಣಾಧಿಕಾರಿಗಳ ಕಚೇರಿಯೇ ಆಧಾರ. ಉಯಿಲಿನ ನೋಂದಣಿ ಎಂದೂ ಕಡ್ಡಾಯವಲ್ಲ. ಆದರೆ ನೋಂದಾಯಿಸಿದ್ದರೆ 1908ರ ನೋಂದಣಿ ಅಧಿನಿಯಮದಂತೆ ಅದು 3ನೆಯ ಪುಸ್ತಕದಲ್ಲಿ ದಾಖಲಾಗಿರುತ್ತದೆ. ಬರೆದವರು ಬದುಕಿರುವವರೆಗೆ ಅದರ ಪ್ರತಿ ಅವರಿಗೆ ಅಥವಾ ಅವರ ಪ್ರತಿನಿಧಿಗೆ ಮಾತ್ರ. ಮರಣಾನಂತರ ಅರ್ಜಿ ಕೊಟ್ಟ ಯಾರಿಗಾದರೂ ದೊರೆಯುತ್ತದೆ. ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಠೇವಣಿ ಇಡುವ ಅವಕಾಶವೂ ಇದೆ. ಅಂಥವು 5ನೆಯ ಪುಸ್ತಕದಲ್ಲಿ ದಾಖಲಾಗುತ್ತವೆ. ಋಣಭಾರ ಪತ್ರ ತೆಗೆಸಿ, ಅದರಲ್ಲಿ ಉಯಿಲಿನ ಉಲ್ಲೇಖವಿಲ್ಲವೆಂದು ನಿರಾಶರಾಗುವವರಿದ್ದಾರೆ. ಋಣಭಾರ ಪತ್ರವು ಸ್ಥಿರಾಸ್ತಿಯ ವ್ಯವಹಾರಗಳ 1ನೆಯ ಪುಸ್ತಕವನ್ನು ಆಧರಿಸಿದ್ದು, ಉಯಿಲಿಗೆ 3ನೆಯ ಪುಸ್ತಕದ ಸೂಚಿಯನ್ನೇ ಹುಡುಕಿಸಬೇಕು.

ಉಯಿಲಿನಂತೆ ಜಮೀನು ಕೈ ಬದಲಾಯಿಸಿತೇ ಎಂಬುದನ್ನು ಹೇಳುವುದು ಕಂದಾಯ ದಾಖಲೆ. ಪಹಣಿ, ಖಾತೆ ಬದಲಾವಣೆಯ ವಹಿ, ಪೌತಿ ಖಾತೆಯ ಕಾಗದಗಳು ಇದಕ್ಕೆ ಬೇಕು. 1956ರ ನವೆಂಬರ್ 1ಕ್ಕಿಂತ ಹಿಂದಿನ ಕಾಲಕ್ಕೆ ಹೋಗುವಾಗ ಊರು ಯಾವ ಆಡಳಿತದಲ್ಲಿತ್ತು ಎಂಬುದನ್ನು ಗಮನಿಸಬೇಕು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡಗಳು ಮುಂಬಯಿ ಆಡಳಿತದವು. ದಕ್ಷಿಣ ಕನ್ನಡ, ಬಳ್ಳಾರಿಗಳು ಬ್ರಿಟಿಷರ ಕಾಲದಲ್ಲಿ ಮದ್ರಾಸಿಗೆ ಸೇರಿದ್ದವು. ಬೀದರ, ಕಲಬುರ್ಗಿ, ರಾಯಚೂರುಗಳು ನಿಜಾಮರ ಹೈದರಾಬಾದಿಗೆ. ದಾಖಲೆಯ ಹೆಸರು, ಭಾಷೆ, ಲಿಪಿ ಇದಕ್ಕನುಗುಣವಾಗಿ ಬದಲಾಗುತ್ತದೆ. ಮುಂಬಯಿ ಕರ್ನಾಟಕದ ಹಳೆಯ ಕಾಗದಗಳಲ್ಲಿ ಮೋಡಿ ಲಿಪಿಯ ಮರಾಠಿ, ಹೈದರಾಬಾದು ಭಾಗದವುಗಳಲ್ಲಿ ಉರ್ದು ಎದುರಾಗುವುದು ಸಾಮಾನ್ಯ.

ಅಂದಿನ ಕಾನೂನಿನ ಕಣ್ಣಿನಿಂದ ಓದುವುದು

ಹಳೆಯ ಉಯಿಲನ್ನು ಇಂದಿನ ಕಾನೂನಿನ ದೃಷ್ಟಿಯಿಂದ ಓದಿದರೆ ಅಜ್ಜನ ಮೇಲೆ ಅನ್ಯಾಯದ ಆರೋಪ ಹೊರಿಸುವಂತಾಗುತ್ತದೆ. ಇಲ್ಲವೇ ಇಲ್ಲದ ಹಕ್ಕನ್ನು ಕಲ್ಪಿಸಿಕೊಂಡಂತಾಗುತ್ತದೆ. ನಾಲ್ಕು ಸಂಗತಿಗಳನ್ನು ಗಮನದಲ್ಲಿಡಬೇಕು.

ಒಂದು: ಮಿತಾಕ್ಷರ ಪದ್ಧತಿಯ ಅವಿಭಕ್ತ ಕುಟುಂಬದಲ್ಲಿ ಪಿತ್ರಾರ್ಜಿತ ಆಸ್ತಿಯ ತನ್ನ ಪಾಲನ್ನು ಉಯಿಲಿನ ಮೂಲಕ ಕೊಡುವ ಅಧಿಕಾರ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 30ನೆಯ ಕಲಮಿನಿಂದ ಬಂತು. ಆದ್ದರಿಂದ 1956ಕ್ಕಿಂತ ಹಿಂದಿನ ಉಯಿಲಿನಲ್ಲಿ ಊರಿನ ಜಮೀನಿನ ಮಾತೇ ಇಲ್ಲದಿದ್ದರೆ, ಜಮೀನು ಇರಲಿಲ್ಲವೆಂದು ಅರ್ಥವಲ್ಲ. ಅದನ್ನು ಬರೆಯುವ ಅಧಿಕಾರ ಅವರಿಗಿರಲಿಲ್ಲ.

ಎರಡು: ತುಳುನಾಡಿನ ಅಳಿಯಕಟ್ಟಿನ ಕುಟುಂಬಗಳಲ್ಲಿ ವಾರಸು ತಾಯಿಯ ಕಡೆಯಿಂದ ನಡೆಯುತ್ತಿತ್ತು. ಮುಂಬಯಿಯಲ್ಲಿ ಸ್ವಂತ ದುಡಿಮೆಯಿಂದ ಸಂಪಾದಿಸಿದವರು ಹೆಂಡತಿ ಮಕ್ಕಳಿಗೆ ಅದನ್ನು ಉಳಿಸಬೇಕಾದರೆ ಉಯಿಲು ಬರೆಯುವುದು ಒಂದು ಮುಖ್ಯ ದಾರಿಯಾಗಿತ್ತು. ಅಳಿಯಸಂತಾನದವರ ಉಯಿಲಿನ ಅಧಿಕಾರಕ್ಕೆ ಮದ್ರಾಸು ಸರಕಾರ 1898ರಲ್ಲಿಯೇ ಕಾನೂನು ಮಾಡಿತ್ತು. ಮುಂದೆ 1949ರ ಮದ್ರಾಸು ಅಳಿಯಸಂತಾನ ಅಧಿನಿಯಮ, 1956ರ ಕೇಂದ್ರ ಅಧಿನಿಯಮಗಳು ವ್ಯವಸ್ಥೆಯನ್ನೇ ಬದಲಿಸಿದವು. ಇಂತಹ ಮನೆತನದ ಉಯಿಲಿನಲ್ಲಿ 'ಕುಟುಂಬ', 'ಕವರು' ಎಂಬ ಪದಗಳು ಕಂಡರೆ ಅವು ತಾಯಿಯ ವಂಶದ ಘಟಕಗಳೆಂದು ತಿಳಿಯಬೇಕು, ಹೆಂಡತಿ ಮಕ್ಕಳ ಸಂಸಾರವೆಂದಲ್ಲ.

ಮೂರು: ವಿಧವೆಗೆ 'ಜೀವಮಾನ ಪರ್ಯಂತ ಅನುಭೋಗ' ಮಾತ್ರ ಕೊಟ್ಟು, ಆಕೆಯ ನಂತರ ಗಂಡುಮಕ್ಕಳಿಗೆ ಎಂದು ಬರೆಯುವುದು ಹಿಂದೆ ಸಾಮಾನ್ಯವಾಗಿತ್ತು. 1956ರ ಅಧಿನಿಯಮದ 14ನೆಯ ಕಲಮು ಸ್ತ್ರೀಯರ ಸೀಮಿತ ಹಕ್ಕನ್ನು ಪೂರ್ಣ ಒಡೆತನವಾಗಿಸಿತು. ಉಯಿಲಿನಲ್ಲಿಯೇ ವಿಧಿಸಿದ ಮಿತಿಗೆ ವಿನಾಯಿತಿಯನ್ನೂ ಇರಿಸಿತು. ಜೀವನಾಂಶದ ಹಕ್ಕಿಗೆ ಬದಲಾಗಿ ಕೊಟ್ಟ ಆಸ್ತಿಯಾದರೆ ಅದು ಪೂರ್ಣ ಒಡೆತನವೇ ಎಂದು ಸುಪ್ರೀಂ ಕೋರ್ಟು 1977ರ ತುಳಸಮ್ಮ ಪ್ರಕರಣದಲ್ಲಿ ಹೇಳಿತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಜನ್ಮಸಿದ್ಧ ಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶಕ್ಕೆ 2005ರ ಸೆಪ್ಟೆಂಬರ್ 9ರಿಂದ ಬಂತು. ಆ ದಿನ ತಂದೆ ಬದುಕಿರಬೇಕಾಗಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲು ಕ್ರಮವಾಗಿ ನಡೆದುಹೋದ ಪಾಲು, ವಿಲೇವಾರಿಗಳಿಗೆ ಇದರಿಂದ ಬಾಧೆಯಿಲ್ಲ.

ನಾಲ್ಕು: ಉಯಿಲಿನಲ್ಲಿ ಕಂಡ ಎಲ್ಲವೂ ಇಂದು ಇರಲಾರದು. ದಕ್ಷಿಣ ಕನ್ನಡದ ಕಾಗದಗಳಲ್ಲಿ 'ಚಾಲಗೇಣಿ'ಗೆ ಕೊಟ್ಟ ಗದ್ದೆಯೆಂದಿದ್ದರೆ, 1974ರ ಮಾರ್ಚ್ 1ರ ಭೂಸುಧಾರಣೆಯಿಂದ ಆ ಭೂಮಿ ಸರಕಾರಕ್ಕೆ ಸೇರಿ, ಉಳುವವರಿಗೆ ಹೋಗಿರುವ ಸಂಭವವೇ ಹೆಚ್ಚು. ಮುಂಬಯಿಯ ಪಗಡಿ ಖೋಲಿಯೂ ಹಾಗೆಯೇ. ಬಾಡಿಗೆ ಹಕ್ಕನ್ನು ಉಯಿಲಿನ ಮೂಲಕ ಕೊಡಲಾಗದೆಂದು ಸುಪ್ರೀಂ ಕೋರ್ಟು 1994ರಲ್ಲಿ ತೀರ್ಪು ಕೊಟ್ಟಿದೆ.

ಒಂದು ಕಲ್ಪಿತ ಉದಾಹರಣೆ

ಈ ಕ್ರಮವು ಹೇಗೆ ಫಲಿಸುತ್ತದೆಂಬುದನ್ನು ತಿಳಿಸಲು ಒಂದು ಕಲ್ಪಿತ ಕುಟುಂಬವನ್ನು ತೆಗೆದುಕೊಳ್ಳೋಣ. ಉಡುಪಿ ತಾಲೂಕಿನ ಮಕ್ಕಳಕಟ್ಟಿನ ಮನೆತನದವರೊಬ್ಬರು ಮಾಟುಂಗಾದ ಹೋಟೆಲೊಂದರಲ್ಲಿ ಪಾಲುದಾರರು. 1958ರಲ್ಲಿ ಕನ್ನಡದಲ್ಲಿ ಉಯಿಲು ಬರೆದು 1961ರಲ್ಲಿ ತೀರಿಕೊಂಡರು. ಇಬ್ಬರು ಗಂಡುಮಕ್ಕಳಿಗೆ ಹೋಟೆಲಿನ ಪಾಲು, ಊರಿನ ಜಮೀನಿನಲ್ಲಿ ತನ್ನ ಹಿಸ್ಸೆ. 'ನನ್ನ ಪತ್ನಿಗೆ' ಮನೆಯಲ್ಲಿ ವಾಸದ ಹಕ್ಕು, ಠೇವಣಿಯ ಬಡ್ಡಿ. ಉಯಿಲಿನಲ್ಲಿ ಪತ್ನಿಯ ಹೆಸರಿಲ್ಲ, ಹೆಣ್ಣುಮಕ್ಕಳ ಪ್ರಸ್ತಾಪವೇ ಇಲ್ಲ. ಮೊಮ್ಮಕ್ಕಳ ಬಳಿ ಇರುವುದು ಈ ಉಯಿಲಿನ ನಕಲು ಮಾತ್ರ.

ನ್ಯಾಯಾಲಯದಿಂದ ಪೂರ್ಣ ಕಡತದ ಪ್ರತಿ ತರಿಸಿದಾಗ ವಾರಸುದಾರರ ಪಟ್ಟಿಯಲ್ಲಿ ಪತ್ನಿಯ ಹೆಸರು ಸಿಗುತ್ತದೆ. ಅವರ ಕೆಳಗೆ ಮೂವರು ಹೆಣ್ಣುಮಕ್ಕಳು. 1956ರ ಅಧಿನಿಯಮದಂತೆ ಮಗಳೂ ಮೊದಲ ವರ್ಗದ ವಾರಸುದಾರಳಾದ್ದರಿಂದ ಅವರನ್ನು ಬಿಡುವಂತಿರಲಿಲ್ಲ. ಇಬ್ಬರ ಗಂಡನ ಮನೆ ಕುಂದಾಪುರ ತಾಲೂಕಿನಲ್ಲಿ, ಒಬ್ಬರದು ಶಿವಮೊಗ್ಗದಲ್ಲಿ. ಶಿವಮೊಗ್ಗದ ಕವಲಿನ ಸುದ್ದಿಯೇ ಇಂದಿನ ಮೊಮ್ಮಕ್ಕಳಿಗೆ ಇರಲಿಲ್ಲ. ಅನುಸೂಚಿಯಲ್ಲಿ ಕಂಡ ಠೇವಣಿ ನಿರ್ವಾಹಕನ ಲೆಕ್ಕದಲ್ಲಿ ಮುಗಿದಿದೆ. ಊರಿನ ಜಮೀನಿನ ಪಹಣಿ ನೋಡಿದರೆ 1974ರ ನಂತರ ಗೇಣಿದಾರರ ಹೆಸರಿಗೆ ಹೋಗಿದೆ. ಹಣದ ದೃಷ್ಟಿಯಿಂದ ಈ ಹುಡುಕಾಟದಲ್ಲಿ ಮೊಮ್ಮಕ್ಕಳಿಗೆ ಏನೂ ದಕ್ಕಲಿಲ್ಲ. ಆದರೆ ಅಜ್ಜಿಯ ಹೆಸರು, ಮೂವರು ಸೋದರತ್ತೆಯರ ಊರು, ಕಡಿದುಹೋಗಿದ್ದ ಒಂದು ಬಳ್ಳಿಯ ತುದಿ ಕೈಗೆ ಬಂತು. ತಮ್ಮ ಹೆಸರೇ ಇಲ್ಲದ ಉಯಿಲಿಗೆ ಅವರು ಸಮ್ಮತಿಯ ಹೆಬ್ಬೆಟ್ಟು ಒತ್ತಿದ್ದರು ಎಂಬುದೂ ಕಣ್ಣಿಗೆ ಬಿತ್ತು.

ಬ್ಯಾಂಕಿನ ಮೇಜಿನಿಂದ ಎರಡು ಮಾತು

ಬ್ಯಾಂಕಿನ ನೌಕರಿಯಲ್ಲಿ ಕೂದಲು ನರೆತ ನಮಗೆ ಪರಿಚಿತವಾದ ಒಂದು ತಪ್ಪು ಗ್ರಹಿಕೆಯನ್ನು ಇಲ್ಲಿ ಹೇಳಬೇಕು. ನಾಮಿನಿ ಎಂದರೆ ಒಡೆಯನಲ್ಲ. ಹಣವನ್ನು ಪಡೆಯುವ ಅಧಿಕಾರ ನಾಮಿನಿಗೆ. ಆದರೆ ಅದು ಉಯಿಲಿನಂತೆ ಅಥವಾ ಕಾನೂನಿನಂತೆ ವಾರಸುದಾರರಿಗೆ ಸೇರತಕ್ಕದ್ದು. ವಿಮೆಯ ವಿಷಯದಲ್ಲಿ 1983ರಲ್ಲಿಯೂ ಷೇರುಗಳ ವಿಷಯದಲ್ಲಿ 2023ರ ಡಿಸೆಂಬರಿನಲ್ಲಿಯೂ ಸುಪ್ರೀಂ ಕೋರ್ಟು ಈ ತತ್ತ್ವವನ್ನು ಎತ್ತಿಹಿಡಿದಿದೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದಾಗಿದೆ. ಅದರಿಂದಲೂ ಉಯಿಲಿನ ಅಗತ್ಯ ತಪ್ಪುವುದಿಲ್ಲ.

ಹಳೆಯ ಅನುಸೂಚಿಗಳಲ್ಲಿ ಕಾಣುವ ಬ್ಯಾಂಕುಗಳ ಹೆಸರು ಇಂದು ಫಲಕಗಳ ಮೇಲಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಮುಂದೆ ಸಿಂಡಿಕೇಟ್ ಬ್ಯಾಂಕಾಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 1906ರಲ್ಲಿ ಉಡುಪಿಯಲ್ಲಿಯೇ ಆರಂಭವಾದ ಕಾರ್ಪೊರೇಷನ್ ಬ್ಯಾಂಕು ಅದೇ ದಿನ ಯೂನಿಯನ್ ಬ್ಯಾಂಕಿಗೆ ಸೇರಿತು. 1931ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ವಿಚಾರಿಸುವುದಾದರೆ ಈಗಿನ ಬ್ಯಾಂಕಿನಲ್ಲಿಯೇ ವಿಚಾರಿಸಬೇಕು. ಹತ್ತು ವರ್ಷ ವ್ಯವಹಾರವಿಲ್ಲದ ಠೇವಣಿಗಳನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ವರ್ಗಾಯಿಸುತ್ತವೆ; ವಾರಸುದಾರರ ಹಕ್ಕು ಅದರಿಂದ ನಾಶವಾಗುವುದಿಲ್ಲ. ಇಂತಹ ಠೇವಣಿಗಳನ್ನು ಹುಡುಕಲು ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲಿ 'ಉದ್ಗಮ್' ಎಂಬ ಅಂತರ್ಜಾಲ ತಾಣವನ್ನು ಆರಂಭಿಸಿದೆ.

ಉಪಸಂಹಾರ

ಹಳೆಯ ಕಡತವನ್ನು ತೆರೆಯುವುದೆಂದರೆ ಹಳೆಯ ಜಗಳವನ್ನು ತೆರೆಯುವುದೆಂದು ಅಂಜುವವರಿದ್ದಾರೆ. ಆ ಅಂಜಿಕೆ ಸಂಪೂರ್ಣ ನಿರಾಧಾರವಲ್ಲ. ಹಕ್ಕಿನ ಪ್ರಶ್ನೆ ಎದ್ದರೆ ವಕೀಲರ ಸಲಹೆ ಪಡೆಯಬೇಕು, ಕಾಲಮಿತಿಯ ಕಾನೂನನ್ನೂ ನೆನಪಿನಲ್ಲಿಡಬೇಕು. ಆದರೆ ಸತ್ಯ ತಿಳಿಯುವುದೂ ದಾವೆ ಹೂಡುವುದೂ ಒಂದೇ ಅಲ್ಲ. ಪಾಲು ಕೇಳದೆ ಸಮ್ಮತಿ ಬರೆದುಕೊಟ್ಟ ಸೋದರತ್ತೆಯ ಔದಾರ್ಯವನ್ನೋ ಅಸಹಾಯಕತೆಯನ್ನೋ ಅರಿತ ಮನೆಯವರು ತಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಹೆಚ್ಚು ವಿವೇಕದಿಂದ ನಡೆಯಬಹುದು.

ನಮ್ಮ ಓದುಗ ಕುಟುಂಬಗಳು ಎರಡು ಕೆಲಸ ಮಾಡಲೆಂದು ನಮ್ಮ ಸೂಚನೆ. ಮನೆಯಲ್ಲಿರುವ ಪ್ರೊಬೇಟ್ ಪತ್ರ, ಉಯಿಲು, ಬಿಡುಗಡೆ ಪತ್ರ, ಹಳೆಯ ಪಾಸ್‌ಬುಕ್ಕುಗಳನ್ನು ರದ್ದಿಗೆ ಹಾಕುವ ಮುನ್ನ ಅವುಗಳಲ್ಲಿನ ಸಂಖ್ಯೆ, ವರ್ಷ, ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಎರಡನೆಯದಾಗಿ, ನೀವು ಉಯಿಲು ಬರೆಯುವಾಗ 'ನನ್ನ ಪತ್ನಿ', 'ನನ್ನ ಮಕ್ಕಳು' ಎಂದಷ್ಟೇ ಬರೆಯದೆ, ಏನೂ ಕೊಡದವರ ಹೆಸರನ್ನೂ ಸೇರಿಸಿ, ಎಲ್ಲರ ಪೂರ್ಣ ಹೆಸರು, ತವರಿನ ಹೆಸರು, ಊರುಗಳನ್ನು ಬರೆಯಿರಿ. ಪ್ರೊಬೇಟಿನ ಕಡ್ಡಾಯ ಹೋದ ಮೇಲೆ ನ್ಯಾಯಾಲಯವು ಈ ಹೆಸರುಗಳನ್ನು ನಮಗಾಗಿ ಬರೆಸಿಟ್ಟುಕೊಳ್ಳುವುದಿಲ್ಲ. ಇನ್ನು ಅದು ನಮ್ಮ ಹೊಣೆ.